ಹಂಚಿ ತಿನ್ನುವ ಪಾಠವೂ ನಗೆಯ ಪುಸ್ತಕವೂ

ಒಂದು ಗ್ಲಾಸು ಚಹವನ್ನು ಎರಡು ಗ್ಲಾಸಿಗೆ ಸಮನಾಗಿ ಹೊಯ್ಯುವ ವಿದ್ಯೆಯನ್ನು ನಮ್ಮ ಹೋಟೆಲು ಕಾರ್ಮಿಕರಿಗೆ ಯಾರೂ ಕಲಿಸಬೇಕಾಗಿಲ್ಲ. ಬೆಂಗಳೂರಿನ ಗಿರಾಕಿ ‘ಬೈಟೂ’ ಎಂದು ಕೂಗಿದರೆ ಸಾಕು, ಹನಿ ಹೆಚ್ಚುಕಡಿಮೆಯಾಗದಂತೆ ಮೇಜಿನ ಮೇಲೆ ಎರಡು ಲೋಟಗಳು ಬಂದು ಕೂರುತ್ತವೆ. ಒಂದು ಖೋಲಿಯಲ್ಲಿ ಆರೆಂಟು ಮಂದಿ ಪಾಳಿಯ ಮೇಲೆ ಮಲಗುವುದು, ಊರಿನಿಂದ ಬಂದ ಹಪ್ಪಳದ ಕಟ್ಟನ್ನು ಬಿಚ್ಚಿದೊಡನೆ ಕೈಯಿಂದ ಕೈಗೆ ದಾಟಿಸುವುದು, ಗಿರಾಕಿಗಳು ಬಿಟ್ಟ ಟಿಪ್ಸನ್ನು ಒಂದೇ ಡಬ್ಬಿಗೆ ಹಾಕಿ ರಾತ್ರಿ ಪಾಲು ಮಾಡಿಕೊಳ್ಳುವುದು, ಇವೆಲ್ಲವೂ ನಮಗೆ ಆದರ್ಶಗಳಲ್ಲ, ನಿತ್ಯದ ಬದುಕು. ಹೀಗಿರುವಾಗ, ಹಂಚಿಕೊಳ್ಳುವುದನ್ನು ಮಕ್ಕಳಿಗೆ ಕಲಿಸುವ ಚಿತ್ರಪುಸ್ತಕಗಳ ವಿಚಾರವಾಗಿ ಬರೆಯಹೊರಟರೆ ವಾಚಕರಲ್ಲಿ ಕೆಲವರು ನಗಬಹುದು. ನಗಲಿ. ಈ ಲೇಖನದ ವಿಷಯವೂ ನಗೆಯೇ ಆಗಿದೆ.

ಕಳೆದ ವರ್ಷ ನಮ್ಮ ಚಾಳಿನಲ್ಲಿ ಕಂಡ ಒಂದು ಸಣ್ಣ ಸಂಗತಿಯನ್ನು ಮೊದಲು ಹೇಳಬೇಕು. ಹೋಟೆಲೊಂದರ ಗಲ್ಲಾದ ಮೇಲೆ ಕೂರುವ ನೆರೆಯವರು ಊರಿಗೆ ಹೋಗಿ ಬರುವಾಗ ಮಕ್ಕಳಿಗೆಂದು ಒಂದು ಆಟದ ಕಾರನ್ನು ತಂದರು. ಮಕ್ಕಳು ಇಬ್ಬರು, ಹಿರಿಯವನಿಗೆ ಆರು ವರ್ಷ, ಕಿರಿಯವಳಿಗೆ ಮೂರು. ಕಾರು ಒಂದೇ. “ಇಬ್ಬರೂ ಹಂಚಿಕೊಂಡು ಆಡಿ” ಎಂಬ ಅಪ್ಪಣೆಯೊಡನೆ ಅವರು ಕೆಲಸಕ್ಕೆ ಹೊರಟರು. ಕಾಲು ಗಂಟೆಯೊಳಗೆ ಅಳು, ಹೊಡೆದಾಟ. “ನೀನು ದೊಡ್ಡವನಲ್ಲವೆ, ಬಿಟ್ಟುಕೊಡು” ಎಂದು ತಾಯಿ ಗದರಿಸಿದಳು. ಹುಡುಗ ಬಿಟ್ಟುಕೊಟ್ಟ. ಮರುದಿನ ಕಾರು ಕಾಣೆಯಾಗಿತ್ತು. ನಾಲ್ಕು ದಿನಗಳ ತರುವಾಯ ಅದು ಅಕ್ಕಿಡಬ್ಬಿಯ ಹಿಂದೆ, ಹಳೆಯ ಬನಿಯನಿನಲ್ಲಿ ಸುತ್ತಿಟ್ಟ ಸ್ಥಿತಿಯಲ್ಲಿ ಸಿಕ್ಕಿತು. ಹುಡುಗನು ಆ ದಿನ ಕಲಿತದ್ದು ಹಂಚಿಕೊಳ್ಳುವುದನ್ನಲ್ಲ, ಬಚ್ಚಿಡುವುದನ್ನು.

ತಪ್ಪು ಹುಡುಗನದೆನ್ನುವಂತಿಲ್ಲ. ಚಿಕ್ಕ ಮಕ್ಕಳ ಸ್ವಭಾವವನ್ನು ಪರೀಕ್ಷಿಸಿದ ವಿದ್ವಾಂಸರು ಈ ವಿಷಯದಲ್ಲಿ ನಮ್ಮ ಕಣ್ಣು ತೆರೆಯಿಸುವ ಮಾತುಗಳನ್ನು ಹೇಳಿದ್ದಾರೆ. 2008ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದರಲ್ಲಿ 3ರಿಂದ 8 ವರ್ಷದ ಮಕ್ಕಳ ಕೈಗೆ ಮಿಠಾಯಿಗಳನ್ನು ಕೊಟ್ಟು, ಅವರು ಹೇಗೆ ಪಾಲು ಮಾಡುತ್ತಾರೆಂದು ನೋಡಲಾಯಿತು. ಮೂರು-ನಾಲ್ಕು ವರ್ಷದವರಲ್ಲಿ ಬಹುಮಂದಿ ತಮ್ಮ ಪಾಲನ್ನೇ ನೋಡಿಕೊಂಡರು. ಏಳೆಂಟು ವರ್ಷದ ಹೊತ್ತಿಗೆ ಹೆಚ್ಚಿನವರು ಸಮಪಾಲನ್ನು ಆರಿಸಿದರು. ಅಂದರೆ, ಸಮಪಾಲಿನ ಬುದ್ಧಿಯು ವಯಸ್ಸಿನೊಡನೆ ಬೆಳೆಯುವ ಹಲ್ಲಿನಂತೆ. ಮೂರು ವರ್ಷದ ಮಗುವನ್ನು ಸ್ವಾರ್ಥಿಯೆಂದು ಜರೆಯುವುದು, ಹಲ್ಲು ಮೂಡದ ಕೂಸನ್ನು ಕಬ್ಬು ತಿನ್ನಲಿಲ್ಲವೆಂದು ಬೈದಂತೆ.

ಎರಡನೆಯ ಮಾತು ಇನ್ನೂ ಮುಖ್ಯವಾದುದು. ನಾಡಿಯಾ ಚೆರ್ನ್ಯಾಕ್ ಮತ್ತು ತಮಾರ್ ಕುಶ್ನೀರ್ ಎಂಬ ಸಂಶೋಧಕಿಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಸೇರುವ ಮುನ್ನಿನ ವಯಸ್ಸಿನ ಮಕ್ಕಳಲ್ಲಿ ಕೆಲವರಿಗೆ, ತಮ್ಮದನ್ನು ಕೊಡುವುದೋ ಇಟ್ಟುಕೊಳ್ಳುವುದೋ ಎಂಬ ಆಯ್ಕೆಯನ್ನು ಅವರಿಗೇ ಬಿಟ್ಟರು. ಇನ್ನು ಕೆಲವರಿಗೆ ಕೊಡಲೇಬೇಕೆಂದರು. ಮುಂದೆ ಮತ್ತೊಮ್ಮೆ ಹಂಚುವ ಸಂದರ್ಭ ಬಂದಾಗ ಹೆಚ್ಚು ಉದಾರವಾಗಿ ನಡೆದುಕೊಂಡವರು, ತಾವಾಗಿಯೇ ಆರಿಸಿ ಕೊಟ್ಟ ಮಕ್ಕಳು. ಅಪ್ಪಣೆಯಿಂದ ಕೊಟ್ಟದ್ದು ದಾನವಲ್ಲ, ದಂಡ. ದಂಡ ತೆತ್ತವನು ಮುಂದಿನ ಸಲ ಜೇಬನ್ನು ಭದ್ರಪಡಿಸಿಕೊಳ್ಳುವುದು ಲೋಕರೂಢಿ.

ಹಾಗಾದರೆ ಕಲಿಸುವುದು ಹೇಗೆ? ಉಪದೇಶದಿಂದಲೂ ಅಲ್ಲ, ಪೆಟ್ಟಿನಿಂದಲೂ ಅಲ್ಲವೆಂದಾದರೆ ಉಳಿಯುವ ದಾರಿ ಕಥೆಯೊಂದೇ. ಅದರಲ್ಲಿಯೂ ನಗೆಯ ಕಥೆ. ಅದರಲ್ಲಿಯೂ ಅಕ್ಷರ ಬಾರದ ಮಗುವು ತಾನೇ ಓದಬಲ್ಲ ಚಿತ್ರದ ಕಥೆ.

ಅಮೆರಿಕದ ಮೋ ವಿಲೆಮ್ಸ್ ಎಂಬವರು 2011ರಲ್ಲಿ ಐಸ್‌ಕ್ರೀಮನ್ನು ಕುರಿತು ಅಂತಹ ಒಂದು ಪುಸ್ತಕವನ್ನು ರಚಿಸಿದರು. ಆನೆಯೊಂದಕ್ಕೆ ಐಸ್‌ಕ್ರೀಮು ಸಿಗುತ್ತದೆ. ಗೆಳತಿಯಾದ ಹಂದಿಮರಿಗೆ ಕೊಡುವುದೋ ಬೇಡವೋ ಎಂಬ ಜಿಜ್ಞಾಸೆ ಆರಂಭವಾಗುತ್ತದೆ. ಅವಳಿಗೆ ಈ ರುಚಿ ಹಿಡಿಸದಿದ್ದರೆ? ಅವಳಿಗೆ ಇದು ಗೊತ್ತೇ ಇಲ್ಲವಲ್ಲ! ಹೀಗೆ ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಯಂತೆ ಆನೆಯು ವಾದ-ಪ್ರತಿವಾದಗಳಲ್ಲಿ ಮುಳುಗಿರುವಾಗ, ಚಿತ್ರದಲ್ಲಿ ಐಸ್‌ಕ್ರೀಮು ಕರಗಿ ಹೋಗುತ್ತಿರುತ್ತದೆ. ಅದನ್ನು ಮೊದಲು ಕಾಣುವವನು ಓದಿ ಹೇಳುವ ಅಪ್ಪನಲ್ಲ, ತೊಡೆಯ ಮೇಲೆ ಕುಳಿತ ಮಗು. “ಅಯ್ಯೋ, ಕರಗಿತು!” ಎಂದು ಅದು ಕೂಗುತ್ತದೆ. ಆನೆಗಿಂತಲೂ ಅಪ್ಪನಿಗಿಂತಲೂ ತಾನು ಜಾಣನೆಂಬ ಹಿಗ್ಗು ಅದಕ್ಕೆ. ಕೊನೆಗೆ ಹಂದಿಮರಿಯೇ ತನ್ನ ಐಸ್‌ಕ್ರೀಮನ್ನು ತಂದು ಆನೆಗೆ ಪಾಲು ಕೊಡುತ್ತದೆ. ಇಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಜಿಪುಣತನವು ಪಾಪವೆಂದಲ್ಲ, ಪೆದ್ದುತನವೆಂದು ಮಗುವಿಗೆ ತೋರಿತು. ಮಗುವು ಪಾಪಿಯಾಗಲು ಅಂಜದಿರಬಹುದು. ಪೆದ್ದನಾಗಲು ಮಾತ್ರ ಒಪ್ಪದು.

ಕನ್ನಡಿಗರಿಗೆ ಈ ಜಾಣ್ಮೆ ಹೊಸದಲ್ಲ. ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯವನ್ನು ಬಾಲ್ಯದಲ್ಲಿ ಕೇಳದವರು ನಮ್ಮಲ್ಲಿ ವಿರಳ. ಬೇರಾರಲ್ಲಿಯೂ ಇಲ್ಲದ ತುತ್ತೂರಿ ತನ್ನಲ್ಲಿದೆಯೆಂದು ಬೀಗಿದ ಹುಡುಗನ ಕೈಯಿಂದ ಅದು ಜಾರಿ ಕೊಳಕ್ಕೆ ಬೀಳುತ್ತದೆ. ತುತ್ತೂರಿಯ ಬಣ್ಣ ಕರಗುತ್ತದೆ, ದನಿ ಕಟ್ಟುತ್ತದೆ. ನೀತಿಯನ್ನು ಪ್ರತ್ಯೇಕವಾಗಿ ಹೇಳುವ ಅವಶ್ಯಕತೆಯೇ ಬೀಳುವುದಿಲ್ಲ. 1874ರಿಂದ 1937ರವರೆಗೆ ಬಾಳಿದ ಪಂಜೆ ಮಂಗೇಶರಾಯರು ಮಕ್ಕಳನ್ನು ನಗಿಸುತ್ತಲೇ ಕನ್ನಡವನ್ನು ಕಲಿಸಿದ ಮಹನೀಯರು. ಕಾಗೆ-ಕೋಳಿಗಳು ಸಿಕ್ಕಿದ ತುತ್ತಿಗೆ ತಮ್ಮ ಬಳಗವನ್ನು ಕರೆಯುವುದನ್ನು ಬಸವಣ್ಣನವರು ವಚನದಲ್ಲಿ ತೋರಿಸಿ ಎಂಟುನೂರಕ್ಕೂ ಹೆಚ್ಚು ವರ್ಷಗಳಾದವು. ಬೇರು ನಮ್ಮಲ್ಲಿ ಆಳವಾಗಿಯೇ ಇದೆ.

ಆದರೆ ಹಂಚಿಕೆಯ ಹೆಸರು ಹೊತ್ತ ಪುಸ್ತಕಗಳೆಲ್ಲವೂ ಒಳ್ಳೆಯವೆಂದು ಭಾವಿಸಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನ ಮಾರ್ಕಸ್ ಫಿಸ್ಟರ್ ಅವರು 1992ರಲ್ಲಿ ಹೊರತಂದ ಕಾಮನಬಿಲ್ಲಿನ ಮೀನಿನ ಕಥೆ ಲೋಕಪ್ರಸಿದ್ಧವಾದುದು. ಹೊಳೆಯುವ ಹುರುಪೆಗಳುಳ್ಳ ಸುಂದರ ಮೀನೊಂದು ಅವನ್ನು ಯಾರಿಗೂ ಕೊಡಲೊಲ್ಲದೆ ಒಂಟಿಯಾಗುತ್ತದೆ. ಬಳಿಕ ಒಂದೊಂದನ್ನೇ ಕಿತ್ತು ಹಂಚಿ, ತನ್ನಲ್ಲಿ ಒಂದೇ ಒಂದು ಉಳಿದಾಗ ಎಲ್ಲರ ಸ್ನೇಹವನ್ನು ಪಡೆದು ಸುಖಿಯಾಗುತ್ತದೆ. ಚಿತ್ರಗಳು ಬೆಳ್ಳಿಯಂತೆ ಮಿನುಗುವುದು ನಿಜ. ಆದರೂ ನನ್ನ ಮನಸ್ಸು ಈ ಕಥೆಯನ್ನು ಒಪ್ಪದು. ಮೈಮೇಲಿನದನ್ನು ಕಿತ್ತುಕೊಟ್ಟರೆ ಮಾತ್ರ ಜೊತೆಗೆ ಸೇರಿಸಿಕೊಳ್ಳುವ ಬಳಗ ಎಂತಹ ಬಳಗ? ಎಳೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಯಜಮಾನನು ಮೆಚ್ಚಲೆಂದು ರಜೆಯನ್ನೂ ನಿದ್ದೆಯನ್ನೂ ಬಿಟ್ಟುಕೊಟ್ಟು ದುಡಿದವರಿಗೆ ಈ ಪ್ರಶ್ನೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಕೊಡುವುದನ್ನು ಕಲಿಸುವ ಪುಸ್ತಕವು, ಯಾವುದನ್ನು ಕೊಡಬಾರದೆಂಬುದನ್ನು ಮರೆಸಬಾರದು.

ನಮ್ಮ ಹಳೆಯ ಬೆಣ್ಣೆಯ ಕಥೆಯಲ್ಲಿಯೂ ಒಂದು ಎಚ್ಚರಿಕೆಯಿದೆ. ಎರಡು ಬೆಕ್ಕುಗಳ ಜಗಳವನ್ನು ತೀರಿಸಲು ಬಂದ ಕೋತಿಯು ತಕ್ಕಡಿಯನ್ನು ತೂಗುತ್ತ ತೂಗುತ್ತ ಎಲ್ಲವನ್ನೂ ತಾನೇ ನುಂಗಿತು. ಇದನ್ನು ಮಕ್ಕಳಿಗೆ ಜಗಳವಾಡಬೇಡಿರೆಂದು ಹೆದರಿಸಲು ನಾವು ಹೇಳುತ್ತೇವೆ. ಮಕ್ಕಳ ವ್ಯಾಜ್ಯದಲ್ಲಿ ನ್ಯಾಯ ಹೇಳಲು ಹೋಗಿ, “ಯಾರಿಗೂ ಬೇಡ, ಇಲ್ಲಿ ಕೊಡಿ” ಎಂದು ವಸ್ತುವನ್ನೇ ಕಸಿದಿಡುವ ಹಿರಿಯರು ತಾವು ಆ ಕಥೆಯಲ್ಲಿ ಯಾವ ಪಾತ್ರವೆಂಬುದನ್ನು ಒಮ್ಮೆ ಯೋಚಿಸಬೇಕು.

ಪ್ರಾಣಿಗಳ ಕಥೆಯ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವುಂಟು. 2017ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದವರು ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಕೆಲವರಿಗೆ ಹಂಚಿಕೆಯ ಕಥೆಯನ್ನು ಮನುಷ್ಯರ ಪಾತ್ರಗಳೊಡನೆಯೂ, ಕೆಲವರಿಗೆ ಅದನ್ನೇ ಮನುಷ್ಯರಂತೆ ನಡೆಯುವ ಪ್ರಾಣಿಗಳೊಡನೆಯೂ ಓದಿ ಹೇಳಿದ ಪ್ರಯೋಗದ ಫಲ ಪ್ರಕಟವಾಯಿತು. ಮನುಷ್ಯರ ಕಥೆ ಕೇಳಿದ ಮಕ್ಕಳು ತಮ್ಮ ಸ್ಟಿಕ್ಕರುಗಳನ್ನು ಮೊದಲಿಗಿಂತ ಹೆಚ್ಚಾಗಿ ಹಂಚಿದರು. ಪ್ರಾಣಿಗಳ ಕಥೆ ಕೇಳಿದವರಲ್ಲಿ ಅದು ಹೆಚ್ಚಲಿಲ್ಲ, ಬದಲಾಗಿ ಇಳಿಯಿತು. ಒಂದು ಪ್ರಯೋಗದ ಬಲದಿಂದ ಪಂಚತಂತ್ರವನ್ನು ಅಟ್ಟಕ್ಕೇರಿಸಬೇಕೆಂದು ನಾನು ಹೇಳಲಾರೆ. ಪ್ರಾಣಿಗಳು ಕೊಡುವ ನಗೆಯೇ ದೊಡ್ಡ ಲಾಭ. ಆದರೆ ಮಗುವು ಪುಸ್ತಕದಲ್ಲಿ ತನ್ನಂತಹ ಇನ್ನೊಂದು ಮಗುವನ್ನೂ, ತನ್ನ ಖೋಲಿಯಂತಹ ಖೋಲಿಯನ್ನೂ ಕಾಣಬೇಕು. ಮುಂಬಯಿಯ ಚಾಳಿನಲ್ಲಿ, ಪುಣೆಯ ಪೇಠೆಯಲ್ಲಿ, ಚೆನ್ನೈಯ ಗಲ್ಲಿಯಲ್ಲಿ ಬೆಳೆಯುವ ಕನ್ನಡದ ಮಗುವು ಕಾಣಿಸಿಕೊಳ್ಳುವ ನಗೆಯ ಚಿತ್ರಪುಸ್ತಕಗಳು ಎಷ್ಟಿವೆ? ಬೆರಳು ಮಡಿಚಿ ಎಣಿಸಿದರೆ ಬೆರಳುಗಳೇ ಮಿಗುತ್ತವೆ. ನಮ್ಮ ಬರಹಗಾರರೂ ಕಲಾವಿದರೂ ಈ ಕೊರತೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

“ನಾವೆಲ್ಲ ಪುಸ್ತಕವಿಲ್ಲದೆಯೇ ಹಂಚಿಕೊಳ್ಳುವುದನ್ನು ಕಲಿಯಲಿಲ್ಲವೆ?” ಎನ್ನುವವರುಂಟು. ಕಲಿತೆವು, ನಿಜ. ಆಗ ಒಂದೇ ತಟ್ಟೆಯ ಸುತ್ತ ನಾಲ್ಕು ಮಕ್ಕಳಿದ್ದರು, ಕೈತುತ್ತು ಹಾಕುವ ಅಜ್ಜಿಯಿದ್ದಳು, ತುತ್ತಿಗೊಂದು ಕಥೆಯಿತ್ತು. ಇಂದು ಅಜ್ಜಿ ಕುಂದಾಪುರದಲ್ಲಿ, ಮಗು ಕುರ್ಲಾದಲ್ಲಿ. ತುತ್ತಿನ ಹೊತ್ತಿಗೆ ಮಗುವಿನ ಕೈಯಲ್ಲಿ ಮೊಬೈಲು. ಕಥೆಯ ಜಾಗ ಬರಿದಾಗಿದೆ.

ಚಿತ್ರಪುಸ್ತಕಕ್ಕೆ ಇನ್ನೊಂದು ಗುಣವಿದೆ. ಪುಟಕ್ಕೆ ಒಂದೆರಡು ಸಾಲು ಮಾತ್ರ ಇರುವುದರಿಂದ, ಏಳನೆಯ ತರಗತಿಗೇ ಶಾಲೆ ಬಿಟ್ಟು ರೈಲು ಹತ್ತಿದ ತಂದೆಯೂ ಸಂಕೋಚವಿಲ್ಲದೆ ಓದಬಲ್ಲನು. ಬೀದಿಯಲ್ಲಿ ಮರಾಠಿಯನ್ನೂ ಶಾಲೆಯಲ್ಲಿ ಇಂಗ್ಲಿಷನ್ನೂ ಕಲಿಯುವ ಮಗುವಿಗೆ, ಕನ್ನಡವು ಗದರಿಕೆಯ ಭಾಷೆಯಾಗಿ ಮಾತ್ರ ಉಳಿಯದೆ ನಗೆಯ ಭಾಷೆಯಾಗಿಯೂ ದೊರೆಯುತ್ತದೆ. ಸಂಸಾರವನ್ನು ಊರಿನಲ್ಲಿ ಬಿಟ್ಟು ಬಂದವರು ಪಾಳಿ ಮುಗಿದ ಮೇಲೆ ವಿಡಿಯೊ ಕರೆಯಲ್ಲಿ ಒಂದು ಪುಸ್ತಕವನ್ನು ಓದಿ ತೋರಿಸಬಹುದು. “ಊಟ ಆಯಿತೆ, ಶಾಲೆಗೆ ಹೋದೆಯಾ” ಎಂಬ ಎರಡು ಪ್ರಶ್ನೆಗಳ ಬಳಿಕ ಮಾತು ಒಣಗುವ ತಂದೆಮಕ್ಕಳಿಗೆ ಇದು ಸಣ್ಣ ವರವಲ್ಲ.

ಖರ್ಚಿನ ಭಯವೂ ಬೇಡ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳು ಕನ್ನಡದಲ್ಲಿಯೂ ಅಗ್ಗವಾಗಿ ದೊರೆಯುತ್ತವೆ. ಚೆನ್ನೈಯ ತೂಲಿಕಾ ಸಂಸ್ಥೆಯು ಕನ್ನಡ-ಮರಾಠಿಗಳೂ ಸೇರಿದಂತೆ ಹಲವು ಭಾಷೆಗಳಲ್ಲಿ ಚಿತ್ರಪುಸ್ತಕಗಳನ್ನು ಪ್ರಕಟಿಸುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಮೊಬೈಲಿನಲ್ಲಿಯೇ ಹಣವಿಲ್ಲದೆ ಓದಬಹುದು. ವಾರ್ಷಿಕೋತ್ಸವದ ಹಾರ-ಶಾಲುಗಳಿಗೆ ವೆಚ್ಚ ಮಾಡುವ ನಮ್ಮ ಸಂಘಗಳು ಅದರಲ್ಲಿ ಒಂದಂಶವನ್ನು ಉಳಿಸಿ, ಐವತ್ತು ಚಿತ್ರಪುಸ್ತಕಗಳ ಒಂದು ಪೆಟ್ಟಿಗೆಯನ್ನು ಮನೆಯಿಂದ ಮನೆಗೆ ಸುತ್ತಿಸಬಾರದೇಕೆ? ತಿಂಡಿ ಹಂಚಿದರೆ ಕಡಿಮೆಯಾಗುತ್ತದೆ. ಪುಸ್ತಕ ಹಂಚಿದರೆ ಕಡಿಮೆಯಾಗದು. ಮಗುವಿಗೆ ಇದಕ್ಕಿಂತ ಸುಲಭವಾದ ಮೊದಲ ಪಾಠ ಯಾವುದು?

ಕಾರು ಬಚ್ಚಿಟ್ಟ ಹುಡುಗನ ಮನೆಗೆ ಮರಳೋಣ. ಪ್ಯಾಟ್ ಹಚಿನ್ಸ್ ಎಂಬ ಇಂಗ್ಲಿಷ್ ಲೇಖಕಿಯ 1986ರ ಪುಸ್ತಕವೊಂದಿದೆ. ತಾಯಿ ಮಾಡಿದ 12 ಬಿಸ್ಕತ್ತುಗಳು ಇಬ್ಬರು ಮಕ್ಕಳ ಮುಂದಿವೆ, ತಲೆಗೆ ಆರು. ಕರೆಗಂಟೆ ಬಾರಿಸುತ್ತದೆ, ಇಬ್ಬರು ಬರುತ್ತಾರೆ, ತಲೆಗೆ ಮೂರು. ಮತ್ತೆ ಗಂಟೆ; ತಲೆಗೆ ಎರಡು. ಮತ್ತೆ ಗಂಟೆ, ಹನ್ನೆರಡು ಮಕ್ಕಳು, ತಲೆಗೆ ಒಂದೇ ಒಂದು. ಆಗ ಮತ್ತೊಮ್ಮೆ ಗಂಟೆ! ಬಾಗಿಲಲ್ಲಿ ನಿಂತಿರುವವಳು ದೊಡ್ಡ ತಟ್ಟೆಯ ತುಂಬ ಬಿಸ್ಕತ್ತು ಹೊತ್ತ ಅಜ್ಜಿ. ಈ ಕಥೆಯನ್ನು ನಾನು ಬಿಸ್ಕತ್ತಿಗೆ ಬದಲಾಗಿ ಚಕ್ಕುಲಿಯನ್ನಿಟ್ಟು ಆ ಮಕ್ಕಳಿಗೆ ಹೇಳಿದೆ. ಪ್ರತಿ ಗಂಟೆಗೂ ಇಬ್ಬರೂ ಬಿದ್ದುಬಿದ್ದು ನಕ್ಕರು. ಕಥೆ ಮುಗಿದ ಮೇಲೆ ಹುಡುಗ ಕ್ಷಣಕಾಲ ಸುಮ್ಮನಿದ್ದು ಕೇಳಿದ: “ಅಜ್ಜಿ ಬಾರದಿದ್ದರೆ?”

ನಾನು ಉತ್ತರಕ್ಕೆ ತಡವರಿಸಿದೆ. ಬಾಗಿಲ ಬಳಿ ಅಂಗಿ ತೊಡುತ್ತಿದ್ದ ಅವನ ತಂದೆ ಹೇಳಿದರು: “ಬಾರದಿದ್ದರೆ ಒಂದೊಂದೇ, ಮಗ. ಆದರೆ ನಿನ್ನದು ನಿನ್ನ ಕೈಯಲ್ಲೇ ಇರುತ್ತದೆ, ಯಾರೂ ಕಸಿಯುವುದಿಲ್ಲ.” ಆ ಭಾನುವಾರ ಅವರು ಕಾರನ್ನು ಹುಡುಗನಿಗೇ ಕೊಟ್ಟು, ಇದು ನಿನ್ನದು, ತಂಗಿಗೆ ಕೊಡುವುದು ಬಿಡುವುದು ನಿನ್ನ ಇಷ್ಟ ಎಂದರಂತೆ. ಮೊದಲ ದಿನ ಅವನು ಕೊಡಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಕಾರು ಚಾಳಿನ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಒಂದು ತುದಿಯಲ್ಲಿ ಅಣ್ಣ, ಇನ್ನೊಂದು ತುದಿಯಲ್ಲಿ ತಂಗಿ.