ಬೇಸಿಗೆ ರಜೆ: ನಮ್ಮ ಕೈಗೆ ಬಂದ ಅಮಾನತು

ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ರಾಜ್ಯದ ಶಾಲೆಗಳ ಬಾಗಿಲು ಮುಚ್ಚುತ್ತದೆ; ಮೇ ಕೊನೆಯಲ್ಲಿ ಮತ್ತೆ ತೆರೆಯುತ್ತದೆ. ಈ ನಡುವಿನ ಆರೇಳು ವಾರಗಳು ಮಕ್ಕಳ ಪಾಲಿಗೆ ವರ್ಷದಲ್ಲೇ ಅತ್ಯಂತ ಪ್ರೀತಿಯ ದಿನಗಳು. ಹೆತ್ತವರ ಪಾಲಿಗೆ ಮಾತ್ರ ಅವು ಅನೇಕ ಬಾರಿ ಒಂದು ತಲೆನೋವು. ಮಕ್ಕಳನ್ನು ಎಲ್ಲಿ ಕೂರಿಸುವುದು, ಯಾವ ತರಗತಿಗೆ ಸೇರಿಸುವುದು, ಯಾರ ಮನೆಗೆ ಕಳುಹಿಸುವುದು ಎಂಬ ಲೆಕ್ಕಾಚಾರದಲ್ಲೇ ಮೊದಲ ವಾರ ಕಳೆಯುತ್ತದೆ. ಕೊನೆಗೆ ಮೇ ತಿಂಗಳ ಯಾವುದೋ ಒಂದು ಭಾನುವಾರ ತರಾತುರಿಯಲ್ಲಿ ಒಂದು ಪ್ರವಾಸ ಹೊರಡುತ್ತೇವೆ, ನೂರಾರು ಚಿತ್ರಗಳನ್ನು ತೆಗೆಯುತ್ತೇವೆ, ದಣಿದು ಮನೆ ಸೇರುತ್ತೇವೆ. ಅಲ್ಲಿಗೆ ರಜೆಯ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ.

ಮಕ್ಕಳು ಅಲ್ಲಾಹನು ನಮಗೆ ವಹಿಸಿಕೊಟ್ಟ ಅಮಾನತು ಎಂದು ನಾವು ಆಗಾಗ ಹೇಳುತ್ತಿರುತ್ತೇವೆ. ಹಾಗಾದರೆ ಅವರ ಬಿಡುವಿನ ಕಾಲವೂ ಆ ಅಮಾನತಿನ ಭಾಗವೇ ಅಲ್ಲವೇ? ಶಾಲೆಯ ದಿನಗಳಲ್ಲಿ ಮಗು ಬಹುಪಾಲು ಸಮಯ ಶಿಕ್ಷಕರ ಮತ್ತು ಉಸ್ತಾದರ ಕೈಯಲ್ಲಿರುತ್ತದೆ. ಅದು ಇಡಿಯಾಗಿ ನಮ್ಮ ಕೈಗೆ ಸಿಗುವುದು ರಜೆಯಲ್ಲಿ ಮಾತ್ರ.

ವಿನೋದ, ವಿಹಾರಗಳೆಂದರೆ ಗಫ್ಲತ್, ದೀನಿನಿಂದ ದೂರ ಸರಿಯುವ ದಾರಿ ಎಂಬ ಭಾವನೆ ನಮ್ಮ ಕೆಲವು ಮನೆಗಳಲ್ಲಿದೆ. ಇದರ ಹಿಂದಿರುವ ಕಳಕಳಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಪ್ರವಾಸದ ಹೆಸರಿನಲ್ಲಿ ನಮಾಝ್ ತಪ್ಪಿಸುವುದು, ಮೋಜಿನ ಹೆಸರಿನಲ್ಲಿ ಮರ್ಯಾದೆ ಮೀರುವುದು ಕಣ್ಣಿಗೆ ಕಾಣುವ ಸಂಗತಿಗಳೇ. ಆದರೆ ರೋಗಕ್ಕೆ ಹೆದರಿ ಊಟವನ್ನೇ ಬಿಡುವುದು ಪರಿಹಾರವಲ್ಲ. ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿರುವಾಗಿನ ಭಕ್ತಿ ಮಡದಿ ಮಕ್ಕಳ ನಡುವೆ ಉಳಿಯುವುದಿಲ್ಲವೆಂದು ಹಂಝಲ(ರ) ಎಂಬ ಸಹಾಬಿ ಕಳವಳಗೊಂಡು, ತಾನು ಕಪಟಿಯಾದೆನೇ ಎಂದು ಹೇಳಿಕೊಂಡ ಪ್ರಸಂಗ ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ. ಅದಕ್ಕೊಂದು ಗಳಿಗೆ, ಇದಕ್ಕೊಂದು ಗಳಿಗೆ ಎಂದು ಸಮಾಧಾನಪಡಿಸಿದರು. ಒಂದು ಪ್ರಯಾಣದಲ್ಲಿ ಸಂಗಡಿಗರನ್ನು ಮುಂದೆ ಹೋಗಲು ಹೇಳಿ ಹಝ್ರತ್ ಆಯಿಶಾರೊಂದಿಗೆ(ರ) ಓಟದ ಪಂದ್ಯವಾಡಿದವರೂ ಅವರೇ. ಮೊದಲ ಸಲ ಆಯಿಶಾ(ರ) ಗೆದ್ದರು, ವರ್ಷಗಳ ಬಳಿಕ ಪ್ರವಾದಿವರ್ಯರು(ಸ) ಗೆದ್ದು ಆ ಹಳೆಯ ಸೋಲನ್ನು ನೆನಪಿಸಿ ನಕ್ಕರು. ಸಾಕಿದ ಪುಟ್ಟ ಹಕ್ಕಿ ಸತ್ತುಹೋಯಿತೆಂದು ದುಃಖದಲ್ಲಿದ್ದ, ಅನಸ್‌ರ(ರ) ಕಿರಿಯ ಸಹೋದರ ಅಬೂ ಉಮೈರ್‌ನ ಬಳಿ ಆ ಹಕ್ಕಿಯ ಬಗ್ಗೆ ಅಕ್ಕರೆಯಿಂದ ವಿಚಾರಿಸಿದರು. ಒಂದು ರಾಷ್ಟ್ರದ ಹೊಣೆ ಹೊತ್ತವರಿಗೆ ಮಗುವೊಂದರ ಹಕ್ಕಿಯನ್ನು ನೆನಪಿಟ್ಟುಕೊಳ್ಳಲು ಬಿಡುವಿತ್ತು. ನಮಗೆ ಬಿಡುವಿಲ್ಲವೆಂದು ಹೇಳಲು ನಾವು ನಾಚಬೇಕು.

ಇನ್ನು ಸಂಚಾರವಂತೂ ಕುರ್‌ಆನ್ ಮತ್ತೆ ಮತ್ತೆ ಪ್ರೇರೇಪಿಸಿದ ಸಂಗತಿ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭ ಹೇಗಾಯಿತೆಂಬುದನ್ನು ನೋಡಲು, ಗತಿಸಿದ ಜನಾಂಗಗಳ ಅಂತ್ಯದಿಂದ ಪಾಠ ಕಲಿಯಲು ಅದು ಕರೆ ನೀಡುತ್ತದೆ. ಇದಕ್ಕಾಗಿ ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಮಲ್ಪೆಯಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದರೆ, ಕೆತ್ತಿ ನಿಲ್ಲಿಸಿದಂತಹ ಕಲ್ಲಿನ ಕಂಬಗಳು ಸಾಲಾಗಿ ನಿಂತಿರುವುದನ್ನು ಕಾಣಬಹುದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾರಸ ತಣಿದು ಬಿರುಕು ಬಿಟ್ಟಾಗ ಮೂಡಿದ ಆಕಾರಗಳವು. ಆ ಕಲ್ಲಿನ ಮೇಲೆ ಕೈಯಿಟ್ಟು ಈ ಮಾತನ್ನು ಕೇಳಿದ ಮಗು ಸೃಷ್ಟಿಕರ್ತನ ಹಿರಿಮೆಯನ್ನು ಕುರಿತ ಬೇರೆ ಉಪನ್ಯಾಸವನ್ನು ಬೇಡಲಾರದು.

ವಿಜಯಪುರದ ಗೋಲ್ ಗುಮ್ಮಟಕ್ಕೆ ಹೋದ ಮಕ್ಕಳು ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೂಗಿ ಖುಷಿಪಡುತ್ತಾರೆ. ಕೂಗಲಿ. ಬಳಿಕ ಕೆಳಗಿಳಿದಾಗ, ಕಂಬಗಳ ಆಸರೆಯಿಲ್ಲದೆ ನಿಂತ ಇಷ್ಟು ದೊಡ್ಡ ಗುಮ್ಮಟದಡಿ ಮಲಗಿರುವ ಸುಲ್ತಾನ್ ಮುಹಮ್ಮದ್ ಆದಿಲ್ ಶಾಹನಿಗೂ ದಕ್ಕಿದ್ದು ಎಲ್ಲರಿಗೂ ದಕ್ಕುವಷ್ಟೇ ಮಣ್ಣು ಎಂಬುದನ್ನು ಒಂದು ಮಾತಿನಲ್ಲಿ ಹೇಳಿದರೆ ಸಾಕು. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದ್ರಸಾ ಇದೆ. ಪರ್ಷಿಯಾದ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಆತ ಕಟ್ಟಿಸಿದ್ದು ತನಗೊಂದು ಅರಮನೆಯನ್ನಲ್ಲ, ವಿದ್ಯಾರ್ಥಿಗಳಿಗೊಂದು ವಿದ್ಯಾಲಯವನ್ನು. ಸುಳ್ಳು ಪತ್ರವೊಂದನ್ನು ನಂಬಿದ ಸುಲ್ತಾನ 1481ರಲ್ಲಿ ಆತನಿಗೆ ಮರಣದಂಡನೆ ವಿಧಿಸಿದ. ಪರಿಶೀಲಿಸದೆ ಸುದ್ದಿಯನ್ನು ನಂಬುವುದರ ಪರಿಣಾಮವೇನೆಂದು ವಾಟ್ಸ್‌ಆಪ್ ಕಾಲದ ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಸ್ಥಳ ಬೇರೆಲ್ಲಿದೆ? ಬೆಂಗಳೂರಿನ ಲಾಲ್‌ಬಾಗಿನ ನೆರಳಲ್ಲಿ ಕುಳಿತಾಗ, 1760ರಲ್ಲಿ ಆ ತೋಟವನ್ನು ಆರಂಭಿಸಿದವರು ಹೈದರ್ ಅಲಿ, ಬೆಳೆಸಿದವರು ಟಿಪ್ಪು ಸುಲ್ತಾನ್ ಎಂಬುದನ್ನು ಮಕ್ಕಳು ತಿಳಿಯಲಿ. ಈ ನೆಲದೊಂದಿಗೆ ತಮಗಿರುವ ನಂಟನ್ನು ಅವರು ವಾದಗಳಿಂದಲ್ಲ, ಮರಗಳಿಂದ ಅರಿಯಲಿ.

ಆದರೆ ನೋಡಬೇಕಾದರೆ ನಿಲ್ಲಬೇಕು. ಒಂದೇ ದಿನದಲ್ಲಿ ಐದು ಸ್ಥಳಗಳನ್ನು ಸುತ್ತುವ ಪ್ರವಾಸದಲ್ಲಿ ಮಗು ನೋಡುವುದು ಬಸ್ಸಿನ ಕಿಟಕಿಯನ್ನು ಮಾತ್ರ. ಒಂದೇ ಸ್ಥಳವಾದರೂ ಸಾಕು. ಹೊರಡುವ ಮುನ್ನ ಅದರ ಬಗ್ಗೆ ಮಗುವೇ ಓದಿ ಮನೆಯವರಿಗೆ ಹೇಳಲಿ. ದಾರಿಯ ಖರ್ಚಿನ ಲೆಕ್ಕವನ್ನು ಹನ್ನೆರಡು ವರ್ಷದ ಮಗನೋ ಮಗಳೋ ಬರೆಯಲಿ. ಮರಳಿದ ಬಳಿಕ ಒಂದು ಪುಟದಷ್ಟು ಅನುಭವ ಬರೆದು ಅಜ್ಜ ಅಜ್ಜಿಗೆ ಓದಿ ಹೇಳಲಿ.

ಈಗ ನಾವು ಹೇಳಲೇಬೇಕಾದ ಮುಖ್ಯ ಮಾತಿಗೆ ಬರೋಣ. ನಮ್ಮ ಕುಟುಂಬದ ಪ್ರವಾಸಗಳಲ್ಲಿ ಜೊತೆಗಿದ್ದೂ ಹಿಂದೆ ಉಳಿದವರು ಯಾರು? ಮೊದಲನೆಯವಳು ತಾಯಿ. ಹೊರಡುವ ಹಿಂದಿನ ರಾತ್ರಿ ಎಲ್ಲರೂ ಮಲಗಿದ ಬಳಿಕವೂ ಅವಳು ಬಿರಿಯಾನಿಯ ತಯಾರಿಯಲ್ಲಿರುತ್ತಾಳೆ. ಸಮುದ್ರ ತೀರದಲ್ಲಿ ಎಲ್ಲರೂ ಅಲೆಗಳೊಂದಿಗೆ ಆಡುವಾಗ ಅವಳು ಚಾಪೆಯ ಮೇಲೆ ಚೀಲಗಳನ್ನು ಕಾಯುತ್ತಾಳೆ. ರಾತ್ರಿ ಮರಳಿದಾಗ ಪಾತ್ರೆಗಳ ರಾಶಿ ಅವಳಿಗಾಗಿ ಕಾದಿರುತ್ತದೆ. ಇದು ಅವಳಿಗೆ ವಿಹಾರವಲ್ಲ, ಅಡುಗೆಮನೆಯ ಸ್ಥಳಾಂತರ. ಮನೆಯಲ್ಲಿರುವಾಗ ಪ್ರವಾದಿವರ್ಯರು(ಸ) ಮನೆಯವರ ಕೆಲಸಗಳಲ್ಲಿ ತೊಡಗಿರುತ್ತಿದ್ದರು, ನಮಾಝಿನ ಸಮಯವಾದಾಗ ಎದ್ದು ಹೋಗುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಈ ಸುನ್ನತ್ತನ್ನು ಜೀವಂತಗೊಳಿಸಲು ಪ್ರವಾಸದ ದಿನಕ್ಕಿಂತ ಉತ್ತಮ ಸಂದರ್ಭವಿಲ್ಲ. ಗಂಡುಮಕ್ಕಳು ಈರುಳ್ಳಿ ಹೆಚ್ಚಲಿ, ತಂದೆ ಪಾತ್ರೆ ತೊಳೆಯಲಿ, ಚೀಲಗಳನ್ನು ಸರದಿಯಂತೆ ಎಲ್ಲರೂ ಕಾಯಲಿ.

ಎರಡನೆಯವಳು ಮಗಳು. ಹತ್ತು ವರ್ಷದವರೆಗೆ ಅಣ್ಣನೊಂದಿಗೆ ಮರವೇರಿದ, ಸೈಕಲ್ ತುಳಿದ ಹುಡುಗಿಗೆ ಹದಿಮೂರಾಗುತ್ತಲೇ ರಜೆಯೆಂದರೆ ಮನೆಗೆಲಸದ ತರಬೇತಿಯಾಗುತ್ತದೆ. ಹಯಾ ಮತ್ತು ಹಿಜಾಬಿನ ಚೌಕಟ್ಟು ನಮಗೆ ಪ್ರಿಯವಾದುದು. ಅದರ ಬಗ್ಗೆ ತಕರಾರಿಲ್ಲ. ಆದರೆ ಆ ಚೌಕಟ್ಟಿನೊಳಗೆ ಅವಳಿಗೆ ಸಲ್ಲಬೇಕಾದ ಆಟ, ಓದು, ತಿರುಗಾಟಗಳನ್ನು ಒದಗಿಸುವ ಹೊಣೆ ಯಾರದು? ಮಸೀದಿಯ ಆವರಣದಲ್ಲಿ ಅಬಿಸೀನಿಯದವರು ಭರ್ಚಿಗಳೊಂದಿಗೆ ಆಟವಾಡುತ್ತಿದ್ದಾಗ ಪ್ರವಾದಿವರ್ಯರು(ಸ) ತಮ್ಮ ವಸ್ತ್ರದ ಮರೆ ನೀಡಿ ಹಝ್ರತ್ ಆಯಿಶಾರಿಗೆ(ರ) ಅದನ್ನು ತೋರಿಸಿದರು; ಆಕೆಗೆ ತಾನಾಗಿ ಸಾಕೆನಿಸುವವರೆಗೂ ನಿಂತೇ ಇದ್ದರು. ಮರೆಯೂ ಇತ್ತು, ನೋಟವೂ ಇತ್ತು. ನಾವಾದರೋ ಮರೆಯನ್ನು ಮಾತ್ರ ನೆನಪಿಟ್ಟುಕೊಂಡು ನಿಂತು ತೋರಿಸುವ ತಾಳ್ಮೆಯನ್ನು ಮರೆತಿದ್ದೇವೆ. ದೀನ್ ಎಂದರೆ ತನ್ನ ಸಂತೋಷಗಳನ್ನು ಒಂದೊಂದಾಗಿ ಕಸಿದುಕೊಳ್ಳುವ ಪಟ್ಟಿ ಎಂದು ನಮ್ಮ ಮಗಳು ಭಾವಿಸತೊಡಗಿದರೆ, ಆ ತಪ್ಪು ಕಲ್ಪನೆಗೆ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವರು ನಾವು.

ಮೂರನೆಯವರು ಮನೆಯ ಹಿರಿಯರು. ಮೆಟ್ಟಿಲು ಹತ್ತಲಾಗದು, ದೂರ ಕೂರಲಾಗದು ಎಂಬ ಕಾರಣಕ್ಕೆ ಅವರನ್ನು ಮನೆಗೆ ಕಾವಲಿರಿಸಿ ಹೊರಡುತ್ತೇವೆ. ವರ್ಷಕ್ಕೊಂದು ವಿಹಾರವಾದರೂ ಅವರ ಕಾಲಿನ ಶಕ್ತಿಗೆ ಹೊಂದುವಂತಿರಲಿ. ನದಿ ದಂಡೆಯ ಒಂದು ಸಂಜೆ, ಅವರು ಹುಟ್ಟಿ ಬೆಳೆದ ಊರಿನ ಒಂದು ಭೇಟಿ ಸಾಕು. ಬ್ಯಾರಿ, ನವಾಯತಿ, ದಖನಿ ಯಾವ ಮಾತೇ ಆಗಲಿ, ಅವರ ಬಾಯಲ್ಲಿರುವ ಕಥೆ ಗಾದೆಗಳು ಅವರೊಂದಿಗೇ ಮುಗಿದು ಹೋಗುವ ಮುನ್ನ ಮೊಮ್ಮಕ್ಕಳು ಬರೆದಿಟ್ಟುಕೊಳ್ಳಲಿ.

ಪ್ರಯಾಣದಲ್ಲಿ ನಮಾಝ್ ಭಾರವಲ್ಲ ಎಂಬುದನ್ನೂ ಮಕ್ಕಳು ಪ್ರಯಾಣದಲ್ಲೇ ಕಲಿಯಬೇಕು. ದೂರದ ಪ್ರಯಾಣಿಕನಿಗೆ ನಾಲ್ಕು ರಕಅತ್‌ಗಳನ್ನು ಎರಡಾಗಿಸಿ ಕೊಟ್ಟಿರುವುದು ಅಲ್ಲಾಹನ ಕೃಪೆ. ಕರಾವಳಿಯ ಶಾಫಿಈಗಳು ಝುಹರ್ ಮತ್ತು ಅಸರ್‌ಗಳನ್ನು ಜೋಡಿಸಿ ನಿರ್ವಹಿಸಬಲ್ಲರು. ಹನಫಿಗಳು ಆಯಾ ಸಮಯದಲ್ಲಿ ಕಿರಿದಾಗಿ ನಿರ್ವಹಿಸುತ್ತಾರೆ. ಮರದ ನೆರಳಲ್ಲಿ ಚಾಪೆ ಹಾಸಿ ಮನೆಮಂದಿಯೆಲ್ಲ ಸಾಲಾಗಿ ನಿಂತ ಆ ನಮಾಝನ್ನು ಮಗು ಬಹುಕಾಲ ಮರೆಯದು. ಹಾಗೆಯೇ, ಎದ್ದು ಹೋಗುವಾಗ ಆ ಮರದಡಿ ಬಾಳೆಲೆ, ಪ್ಲಾಸ್ಟಿಕ್ ತಟ್ಟೆಗಳನ್ನು ಬಿಟ್ಟು ಹೋದರೆ ನೋಡುವವರು ನಮ್ಮ ಸುಜೂದಿನ ಗುರುತನ್ನಲ್ಲ, ಕಸವನ್ನೇ ನೆನಪಿಟ್ಟುಕೊಳ್ಳುತ್ತಾರೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಕಲಿತ ಸಮುದಾಯ ನಮ್ಮದು.

ಪ್ರತಿ ಬೇಸಿಗೆಯಲ್ಲೂ ಹೊಳೆ, ಕೆರೆ, ಕಡಲುಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಗಳನ್ನು ಓದುತ್ತೇವೆ. ನೆಂಟರ ಮನೆಗೆ ಬಂದ ಮಕ್ಕಳು ಹೊಳೆಗಿಳಿಯುತ್ತಾರೆ, ಒಬ್ಬನನ್ನು ರಕ್ಷಿಸಲು ಇನ್ನೊಬ್ಬ ಧುಮುಕುತ್ತಾನೆ, ಒಂದೇ ಮನೆಯಿಂದ ಎರಡು ಮೂರು ಜನಾಝಾಗಳು ಹೊರಡುತ್ತವೆ. ವಿಧಿಯೆಂದು ನಿಟ್ಟುಸಿರು ಬಿಡುವ ಮುನ್ನ, ಒಂಟೆಯನ್ನು ಕಟ್ಟಿ ಬಳಿಕ ಭರವಸೆಯಿಡಬೇಕೆಂಬ ಪ್ರವಾದಿ ಪಾಠವನ್ನು ನೆನೆಯೋಣ. ಅಪರಿಚಿತ ನೀರಿಗೆ ಇಳಿಯಬಾರದು. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ಈಜು ಬಲ್ಲ ಹಿರಿಯರೊಬ್ಬರು ಮೊಬೈಲ್ ಬದಿಗಿಟ್ಟು ಅವರ ಮೇಲೆ ಕಣ್ಣಿಟ್ಟಿರಬೇಕು. ಮುಳುಗುವವರತ್ತ ಧುಮುಕುವ ಬದಲು ಹಗ್ಗ, ಕೋಲು, ಖಾಲಿ ಕ್ಯಾನ್ ಎಸೆಯಬೇಕೆಂಬುದನ್ನು ಮಕ್ಕಳಿಗೆ ತಿಳಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಈಜು ಕಲಿಸಬೇಕು. ಮನೆಯವರೊಂದಿಗೆ ಆಡುವುದು, ಈಜು ಕಲಿಯುವುದು ವ್ಯರ್ಥ ವಿನೋದವಲ್ಲ ಎಂಬ ಅರ್ಥದ ಹದೀಸನ್ನು ಇಮಾಮ್ ನಸಾಈ ವರದಿ ಮಾಡಿದ್ದಾರೆ. ವಾಹನದ ವೇಗಕ್ಕೂ ಇದೇ ಎಚ್ಚರ ಅನ್ವಯ. ಸ್ತ್ರೀಯರಿದ್ದ ಒಂಟೆಗಳನ್ನು ವೇಗವಾಗಿ ಓಡಿಸುತ್ತಿದ್ದ ಅಂಜಶರಿಗೆ(ರ), ಗಾಜಿನ ಪಾತ್ರೆಗಳನ್ನು ಒಯ್ಯುವಂತೆ ಮೆಲ್ಲಗೆ ನಡೆಸಲು ಪ್ರವಾದಿವರ್ಯರು(ಸ) ಸೂಚಿಸಿದ್ದರು. ಘಾಟಿಯ ತಿರುವುಗಳಲ್ಲಿ ನಮ್ಮ ಯುವಕರು ಈ ಮಾತನ್ನು ನೆನಪಿಟ್ಟರೆ ಎಷ್ಟೋ ಮನೆಗಳ ಕಣ್ಣೀರು ತಪ್ಪುತ್ತದೆ.

ಪ್ರವಾಸಕ್ಕೆ ಶಕ್ತಿಯಿಲ್ಲದ ಮನೆಗಳೂ ನಮ್ಮ ಮೊಹಲ್ಲಾಗಳಲ್ಲಿವೆ. ತಂದೆ ಗಲ್ಫಿನಲ್ಲಿದ್ದು ಎರಡು ವರ್ಷಕ್ಕೊಮ್ಮೆ ಬರುವ ಮನೆಗಳಿವೆ, ತಂದೆಯೇ ಇಲ್ಲದ ಮನೆಗಳೂ ಇವೆ. ಶಾಲೆ ತೆರೆದ ದಿನ ರಜೆಯಲ್ಲಿ ಎಲ್ಲಿಗೆ ಹೋಗಿದ್ದೆ ಎಂದು ಗೆಳೆಯರು ಕೇಳಿದಾಗ ತಲೆ ತಗ್ಗಿಸುವ ಮಗು ಅಲ್ಲಿದೆ. ನಮ್ಮ ಕಾರಿನಲ್ಲಿ ಒಂದು ಸೀಟು ಖಾಲಿಯಿದ್ದರೆ ಆ ಮಗುವನ್ನು ನೆನೆಯೋಣ. ಜಮಾಅತ್ ಕಮಿಟಿಗಳು ವರ್ಷಕ್ಕೊಂದು ದಿನ ಮದ್ರಸಾ ಮಕ್ಕಳೆಲ್ಲರನ್ನೂ, ಹೆಣ್ಣುಮಕ್ಕಳನ್ನೂ ಸೇರಿಸಿ, ಒಂದು ವಿಹಾರಕ್ಕೆ ಕರೆದೊಯ್ಯುವುದು ಕಷ್ಟವೇನಲ್ಲ. ಒಂದು ಮದುವೆಯ ಅಲಂಕಾರಕ್ಕೆ ನಾವು ಸುರಿಯುವ ಹಣದ ಸಣ್ಣ ಪಾಲು ಅದಕ್ಕೆ ಸಾಕು.

ಉಳಿದ ದಿನಗಳೂ ಬರಿದಾಗಬೇಕಿಲ್ಲ. ಬಿಸಿಲಿಗೆ ಬಳಲಿದ ಹಕ್ಕಿಗಳಿಗೆ ಮಡಕೆಯಲ್ಲಿ ನೀರಿಡುವುದು, ಮೊದಲ ಮಳೆಗೆ ನೆಡಲು ಹಲಸು ಮಾವಿನ ಬೀಜಗಳನ್ನು ಮೊಳೆಸುವುದು, ಅಸರಿನ ಬಳಿಕ ಅಂಗಳದಲ್ಲಿ ಆಡುವುದು, ರೋಗದಲ್ಲಿರುವ ನೆಂಟರನ್ನು ಕಾಣುವುದು, ದಿನಕ್ಕೆ ಹತ್ತು ಪುಟ ಕನ್ನಡ ಓದುವುದು ಇವೆಲ್ಲ ಹಣ ಬೇಡದ ಚಟುವಟಿಕೆಗಳು. ಒಂದು ಗಿಡದ ಫಲವನ್ನು ಹಕ್ಕಿ ತಿಂದರೂ ನೆಟ್ಟವನಿಗೆ ಅದು ದಾನವಾಗಿ ದಾಖಲಾಗುತ್ತದೆಂಬುದನ್ನು ತಿಳಿದ ಮಗು ಆ ಗಿಡಕ್ಕೆ ನೀರೆರೆಯಲು ಮರೆಯದು. ಆದರೆ ಗಂಟೆ ಗಂಟೆಗೂ ವೇಳಾಪಟ್ಟಿ ಹಾಕಿ ರಜೆಯನ್ನು ಮತ್ತೊಂದು ಶಾಲೆಯಾಗಿಸುವುದು ಬೇಡ. ಏನೂ ಮಾಡದೆ ಮರದಡಿ ಕೂರುವ ಹಕ್ಕೂ ಮಕ್ಕಳಿಗಿದೆ.

ಮಕ್ಕಳ ಬಾಲ್ಯದಲ್ಲಿ ನಮಗೆ ದೊರೆಯುವ ಬೇಸಿಗೆ ರಜೆಗಳು ಹನ್ನೆರಡೋ ಹದಿನೈದೋ ಅಷ್ಟೇ. ಬಳಿಕ ಅವರು ಕಾಲೇಜು, ಉದ್ಯೋಗ, ಮದುವೆಗಳೆಂದು ತಮ್ಮ ದಾರಿ ಹಿಡಿಯುತ್ತಾರೆ. ಆಗ ನಾವು ಕರೆದರೂ ಅವರಿಗೆ ಬಿಡುವಿರದು. ಅವುಗಳಲ್ಲಿ ಎಷ್ಟು ಈಗಾಗಲೇ ಕಳೆದವೆಂದು ಪ್ರತಿಯೊಂದು ಮನೆಯೂ ಎಣಿಸಿ ನೋಡಲಿ. ಉಳಿದವುಗಳನ್ನು ಒಟ್ಟಾಗಿ ಕಳೆಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.