ತಲೆಯೊಳಗಿನ ಅಲೆಗಳು

ನನ್ನ ಅಕ್ಕನ ಮಗನಿಗೆ ಆಗ ನಾಲ್ಕು ವರ್ಷ. ಎರಡು ದಿನ ಜ್ವರ, ವಾಂತಿ. ಮೂರನೆಯ ದಿನ ಕತ್ತು ಬಾಗದಷ್ಟು ಬಿಗಿದು ಕೈಕಾಲು ಸೆಳೆಯತೊಡಗಿದವು. ನೆರೆಮನೆಯ ಅಜ್ಜಿ 'ಬಾಲಗ್ರಹ'ವೆಂದರು, ತಾಯಿತ ಕಟ್ಟಿಸಿರೆಂದರು. ಭಾವನವರು ಅದಕ್ಕೆ ಕಿವಿಗೊಡದೆ ಆಸ್ಪತ್ರೆಗೆ ಧಾವಿಸಿದುದೇ ಮಗುವಿನ ಪುಣ್ಯ. ಸೊಂಟದ ಬಳಿ ಸೂಜಿಯಿಟ್ಟು ತೆಗೆದ ನೀರು ಮಬ್ಬಾಗಿದ್ದಿತು. ಮಿದುಳಿನ ಪೊರೆಗೆ ಬ್ಯಾಕ್ಟೀರಿಯಾ ತಗುಲಿ ಉಂಟಾದ ಮೆನಿಂಜೈಟಿಸ್ ಎಂದರು ವೈದ್ಯರು. ಒಡನೆಯೇ ರಕ್ತನಾಳಕ್ಕೆ ಔಷಧ ಹರಿಸಿದರು.

ಮರುದಿನ ಸೆಳವು ನಿಂತಿತು. ಆದರೆ ಹುಡುಗ ಕಣ್ತೆರೆಯಲಿಲ್ಲ. ಆಗ ತಲೆಗೆ ಹಲವು ತಂತಿಗಳನ್ನು ಅಂಟಿಸಿ ಇ.ಇ.ಜಿ. ತೆಗೆದರು.

"ಡಾಕ್ಟರೇ, ಮಗು ಏನು ಯೋಚಿಸುತ್ತಿದೆಯೆಂಬುದು ಇದರಲ್ಲಿ ಕಾಣುವುದೇ?" ಎಂದು ಅಕ್ಕ ಕೇಳಿದಳು.

"ಇಲ್ಲಮ್ಮ, ಯೋಚನೆ ಕಾಣುವುದಿಲ್ಲ" ಎಂದರು ಅವರು.

ವಾಚಕರು ಈ ಪ್ರಶ್ನೆಗೆ ನಗಬಾರದು. ಈ ವಿದ್ಯೆಯ ಹುಟ್ಟೇ ಇಂಥದೊಂದು ಪ್ರಶ್ನೆಯಿಂದ. ಜರ್ಮನಿಯ ಹಾನ್ಸ್ ಬರ್ಗರ್ ತರುಣನಾಗಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಕೂದಲೆಳೆಯಲ್ಲಿ ಬದುಕಿದರು. ಅದೇ ದಿನ ದೂರದ ಊರಿನಲ್ಲಿದ್ದ ಅವರ ಸೋದರಿಗೆ ಏನೋ ಕಳವಳವಾಗಿ, ಆಕೆ ತಂದೆಯಿಂದ ತಂತಿ ಕೊಡಿಸಿದಳು. ಮನಸ್ಸಿನಿಂದ ಮನಸ್ಸಿಗೆ ಹರಿಯುವ ಶಕ್ತಿ ಯಾವುದೆಂಬ ಹಂಬಲ ಬರ್ಗರರನ್ನು ಬಿಡಲಿಲ್ಲ. ಆ ಶಕ್ತಿ ಸಿಕ್ಕಲಿಲ್ಲ. ಆದರೆ 1924ರಲ್ಲಿ ಯೇನಾ ನಗರದಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತಿನ ಅಲೆಗಳನ್ನು ಮೊದಲಬಾರಿಗೆ ದಾಖಲಿಸಿದರು. 1929ರಲ್ಲಿ ಅದನ್ನು ಪ್ರಕಟಿಸಿದರು.

ನೆತ್ತಿಯ ಚರ್ಮದ ಮೇಲೆ ದೊರೆಯುವ ಈ ವಿದ್ಯುತ್ತು ಒಂದು ವೋಲ್ಟಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವು ಹತ್ತರಷ್ಟು ಮಾತ್ರ. ಎಚ್ಚರವಿದ್ದು ಕಣ್ಣು ಮುಚ್ಚಿದ ನಾಲ್ಕು ವರ್ಷದ ಮಗುವಿನ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ ಸುಮಾರು 8 ಅಲೆಗಳು ಏಳುವುವು. ಮೆನಿಂಜೈಟಿಸಿನಲ್ಲಿ ಮಿದುಳು ಊದಿಕೊಂಡು ಬಳಲಿದಾಗ ಅವು ಸೆಕೆಂಡಿಗೆ ಎರಡು ಮೂರಕ್ಕೂ ಇಳಿಯಬಹುದು. ರೋಗ ಇಳಿದಂತೆ ಅಲೆಗಳ ವೇಗ ಮತ್ತೆ ಏರುವುದು. ರೋಗಾಣು ಯಾವುದೆಂದು ಇ.ಇ.ಜಿ. ಹೇಳಲಾರದು, ಅದಕ್ಕೆ ಬೆನ್ನಿನ ನೀರೇ ಸಾಕ್ಷಿ. ಆದರೆ ಕಣ್ಣಿಗೆ ಕಾಣದ ಒಂದನ್ನು ಅದು ಹೇಳಬಲ್ಲುದು: ಕೈಕಾಲು ಶಾಂತವಾಗಿದ್ದರೂ ಮಿದುಳಿನೊಳಗೆ ಸೆಳವು ಮುಂದುವರಿಯುತ್ತಿರಬಹುದು.

ನಮ್ಮ ಹುಡುಗನಿಗೆ ಆಗಿದ್ದುದೂ ಅದೇ. ನಿದ್ದೆಯೆಂದು ನಾವು ನೆಮ್ಮದಿಗೊಂಡಿದ್ದುದು ನಿದ್ದೆಯಾಗಿರಲಿಲ್ಲ. ಸೆಳವಿಗೆ ಬೇರೆ ಔಷಧ ಸೇರಿಸಿದರು. ಐದನೆಯ ದಿನ ಅವನು ಕಣ್ತೆರೆದು "ಅಮ್ಮಾ, ನೀರು" ಎಂದ.

ರೋಗ ತನ್ನ ಸುಂಕವನ್ನು ಬಿಡಲಿಲ್ಲ. ಎಡಗಿವಿಯ ಶ್ರವಣ ಕುಂದಿತು. ಅಕ್ಕ ಈಗಲೂ ಅವನ ಬಲಗಡೆಯೇ ಕುಳಿತು ಕತೆ ಹೇಳುತ್ತಾಳೆ.

ಈ ರೋಗವನ್ನು ತರುವ ಮುಖ್ಯ ರೋಗಾಣುಗಳಲ್ಲಿ ಕೆಲವಕ್ಕೆ ಇಂದು ಲಸಿಕೆಗಳಿವೆ, ತಪ್ಪದೆ ಹಾಕಿಸಿರಿ. ಜ್ವರದೊಂದಿಗೆ ಕತ್ತು ಬಿಗಿದರೆ, ಮಗು ಮಂಕಾದರೆ, ಸೆಳವು ಬಂದರೆ ಬೆಳಗಾಗಲೆಂದು ಕಾಯಬೇಡಿರಿ. ಹಸುಗೂಸಿನಲ್ಲಿ ಕತ್ತು ಬಿಗಿಯದೆಯೂ ಇರಬಹುದು. ಹಾಲು ಬಿಟ್ಟು ಸುಮ್ಮನೆ ಬಿದ್ದಿರುವುದೂ ಎಚ್ಚರಿಕೆಯೇ. ಮಗು ಸದ್ದಿಲ್ಲದೆ ಮಲಗಿದೆಯೆಂದ ಮಾತ್ರಕ್ಕೆ ಗುಣವಾಗಿದೆಯೆಂದು ತಿಳಿಯಲಾಗದು.