ಕಡಲಿಗೆ ಪಹಣಿ ಇಲ್ಲ

ಕಾರವಾರದ ಸೀಬರ್ಡ್ ನಿರಾಶ್ರಿತರ ಬಗ್ಗೆ ವೇದಿಕೆಯ ಮೇಲೆ ಯಾರೇ ಮಾತಾಡಲಿ, ಒಂದು ಪದ ತಪ್ಪದೆ ಬರುತ್ತದೆ: ತ್ಯಾಗ. ದೇಶದ ರಕ್ಷಣೆಗಾಗಿ ಮನೆ, ಗದ್ದೆ, ತೋಟ ಬಿಟ್ಟುಕೊಟ್ಟ ಮಹಾತ್ಯಾಗಿಗಳು ಎಂದು ಹೊಗಳುತ್ತಾರೆ, ಚಪ್ಪಾಳೆ ಬೀಳುತ್ತದೆ, ಸಭೆ ಮುಗಿಯುತ್ತದೆ. ನನ್ನ ತಕರಾರು ಈ ಪದದ ಮೇಲೆಯೇ. ತ್ಯಾಗ ಎಂದರೆ ತಾನಾಗಿ ಕೊಟ್ಟದ್ದು. ಭೂಸ್ವಾಧೀನದ ನೋಟಿಸು ಕೈಗೆ ಬಂದ ಮೇಲೆ ಕೊಡುವುದು, ಬಿಡುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ಅಲ್ಲಿ ನಡೆದದ್ದು ತೆಗೆದುಕೊಳ್ಳುವ ಕೆಲಸ. ಹಾಗೆ ತೆಗೆದುಕೊಂಡದ್ದಕ್ಕೆ ಸರಿಯಾದ ಹೆಸರು ಸಾಲ. ತ್ಯಾಗಿಗೆ ಒಂದು ಶಾಲು ಹೊದೆಸಿದರೆ ಮುಗಿಯಿತು, ಸಾಲವನ್ನಾದರೆ ತೀರಿಸಬೇಕಾಗುತ್ತದೆ. ಆ ಪದ ಅಷ್ಟೊಂದು ಜನಪ್ರಿಯವಾಗಿರುವುದು ಬಹುಶಃ ಇದಕ್ಕೇ.

ಮುಂಬೈ, ಪುಣೆ ಕಡೆಯಿಂದ ಗೋವಾ ದಾಟಿ ಗೋಕರ್ಣಕ್ಕೆ ಕಾರಿನಲ್ಲಿ ಹೋದವರಿಗೆ ಆ ಜಾಗ ಗೊತ್ತಿರುತ್ತದೆ. ಕಾರವಾರ ಬಿಟ್ಟು ಬಿಣಗಾ, ಅರ್ಗಾ, ಅಮದಳ್ಳಿ ಎಂದು ಹೆದ್ದಾರಿ ಸಾಗುವಾಗ ಪಶ್ಚಿಮಕ್ಕೆ ಕಡಲು ಕಾಣಬೇಕು. ಕಾಣುವುದು ಉದ್ದಕ್ಕೂ ಕಾಂಪೌಂಡು ಗೋಡೆ. ಅದರ ಆಚೆ ಇರುವುದು ಐಎನ್‌ಎಸ್ ಕದಂಬ. ಬನವಾಸಿಯ ಅರಸರ ಹೆಸರು ಎಂದು ನಾವು ಹೆಮ್ಮೆಪಡುವ ನೌಕಾನೆಲೆ. 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರ ಮೇ ತಿಂಗಳಲ್ಲಿ ರಕ್ಷಣಾ ಸಚಿವ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಇದಕ್ಕಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳಲ್ಲಿ 11 ಸಾವಿರ ಎಕರೆಗೂ ಹೆಚ್ಚು ನೆಲ ಹೋಯಿತು. 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ತೋಡೂರು, ಮುದಗಾ, ಹಾರವಾಡದಂಥ ಕಡೆಯ ಪುನರ್ವಸತಿ ಕಾಲೊನಿಗಳಿಗೆ, ಇಲ್ಲವೇ ಕಾಲು ಕರೆದುಕೊಂಡು ಹೋದ ಕಡೆಗೆ ಹೋದವು.

ನೌಕಾನೆಲೆ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಮುಂಬೈ ಬಂದರಿನಲ್ಲಿ ವ್ಯಾಪಾರದ ಹಡಗುಗಳ ನಡುವೆ ಯುದ್ಧನೌಕೆಗಳಿಗೆ ಜಾಗ ಸಾಲುತ್ತಿರಲಿಲ್ಲ. ಕಾರವಾರದಲ್ಲಿ ಆಳವಾದ ನೀರು, ಬೆನ್ನಿಗೆ ಸಹ್ಯಾದ್ರಿ, ಎದುರಿಗೆ ಮರೆಯಾಗಿ ನಿಲ್ಲುವ ದ್ವೀಪಗಳು ಎಲ್ಲವೂ ಇದ್ದವು. ಜಾಗದ ಆಯ್ಕೆ ಸರಿಯೇ ಇರಬಹುದು. ಆಯ್ಕೆ ಸರಿಯಿದ್ದಷ್ಟಕ್ಕೆ ಲೆಕ್ಕವೂ ಸರಿಯಾಗಿಬಿಡುವುದಿಲ್ಲ.

ಲೆಕ್ಕ ಎಲ್ಲಿ ತಪ್ಪಿತು? ಮೊದಲ ತಪ್ಪು ಎಲ್ಲರಿಗೂ ಗೊತ್ತಿರುವಂಥದ್ದು. ಜಮೀನಿಗೆ ಮೊದಲು ಕಟ್ಟಿದ ದರ ಎಷ್ಟು ಕಡಿಮೆಯಿತ್ತೆಂದರೆ ಕೋರ್ಟುಗಳು ಅದನ್ನು ಹಲವು ಪಟ್ಟು ಏರಿಸಬೇಕಾಯಿತು. ಕೋರ್ಟಿಗೆ ಹೋಗಲು ದುಡ್ಡು, ಧೈರ್ಯ, ವಕೀಲರ ಪರಿಚಯ ಇದ್ದವರಿಗೆ ಹೆಚ್ಚಿನ ಹಣ ಬಂತು. ಹೋಗದವರಿಗೂ ಅದೇ ದರ ಸಿಗಲಿ ಎಂದು 1984ರಲ್ಲಿ ಹಳೆಯ ಭೂಸ್ವಾಧೀನ ಕಾಯ್ದೆಗೆ 28ಎ ಎಂಬ ಕಲಂ ಸೇರಿಸಲಾಗಿತ್ತು. ಪಕ್ಕದವನಿಗೆ ಕೋರ್ಟು ದರ ಏರಿಸಿದ 3 ತಿಂಗಳೊಳಗೆ ಅರ್ಜಿ ಹಾಕಿದರೆ ನಿನಗೂ ಅದೇ ದರ ಎನ್ನುವುದು ಅದರ ಸಾರ. ಬಡವರಿಗಾಗಿಯೇ ಬರೆದ ಕಲಂ ಅದು. ಅರ್ಜಿ ಹಾಕುವವನಿಗೆ 3 ತಿಂಗಳ ಗಡುವು. ಅರ್ಜಿ ವಿಲೇವಾರಿ ಮಾಡುವ ಸರ್ಕಾರಕ್ಕೆ ದಶಕಗಳ ಆರಾಮ. ಅರ್ಜಿ ಹಾಕಿದ ಅಪ್ಪ ತೀರಿಕೊಂಡು, ಮಗ ವಾರಸಾ ಪ್ರಮಾಣಪತ್ರ ಹಿಡಿದು ಅಲೆಯುವ ಸ್ಥಿತಿ ಬಂತು. ಕಾರವಾರ, ಅಂಕೋಲಾದ ಮನೆಗಳಲ್ಲಿ ‘28ಎ’ ಎನ್ನುವುದು ಕಾನೂನಿನ ಭಾಷೆಯಾಗಿ ಉಳಿದಿಲ್ಲ, ಮನೆಮಾತಾಗಿದೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಅದರ ಬಗ್ಗೆ ಮಾತು ಮಾತ್ರ ಕಡಿಮೆ. 1894ರ ಆ ಕಾಯ್ದೆಗೆ ಕಾಣುತ್ತಿದ್ದುದು ಪಹಣಿ ಇರುವ ನೆಲ, ಅದರ ಮೇಲಿನ ಮನೆ, ಮರ. ಗುಂಟೆ ಲೆಕ್ಕದಲ್ಲಿ ಅಳೆಯಲು ಬರುವುದೆಲ್ಲ ಅದಕ್ಕೆ ಆಸ್ತಿ. ಆದರೆ ಹರಿಕಂತ್ರರಿಗೆ, ಖಾರ್ವಿಗಳಿಗೆ ಆಸ್ತಿ ಎಂದರೆ ಏನು? ಮನೆಯಿದ್ದ ಎರಡು ಗುಂಟೆಯೇ? ಅವರ ಹೊಲ ಇದ್ದದ್ದು ಅಲೆಯ ಆಚೆ, ಅವರ ಕಣ ಇದ್ದದ್ದು ಮರಳಿನ ಮೇಲೆ. ರಂಪಣಿ ಬಲೆಯನ್ನೇ ನೋಡಿ. ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬರುತ್ತಾರೆ. ಆಮೇಲೆ ಊರಿನ ಹತ್ತಾರು ಜನ ದಡದಲ್ಲಿ ನಿಂತು ಎರಡೂ ತುದಿಯಿಂದ ಎಳೆಯುತ್ತಾರೆ. ಬಂದ ಬಾಂಗಡೆ, ತಾರಲೆಯಲ್ಲಿ ಬಲೆಗೊಂದು ಪಾಲು, ಎಳೆದವರಿಗೊಂದು ಪಾಲು. ಹೆಂಗಸರು ಬುಟ್ಟಿ ಹೊತ್ತು ಪೇಟೆಗೆ ಹೋಗುತ್ತಾರೆ, ಉಳಿದದ್ದು ಮರಳಿನ ಮೇಲೆ ಒಣಗುತ್ತದೆ. ಈ ಇಡೀ ಬದುಕಿಗೆ ಬೇಕಾದ್ದು ಉದ್ದನೆಯ ದಡ. ಆ ದಡ ಯಾರ ಹೆಸರಿನಲ್ಲೂ ಇರಲಿಲ್ಲ. ಎಲ್ಲರದೂ ಆಗಿದ್ದರಿಂದಲೇ ಕಾಗದದ ಮೇಲೆ ಅದು ಯಾರದೂ ಅಲ್ಲ ಎಂದಾಯಿತು. ಪರ್ಸಿನ್ ಬೋಟುಗಳು ಬಂದ ಮೇಲೆ ರಂಪಣಿ ಸೊರಗಿತ್ತು ಎನ್ನುವುದು ನಿಜ. ಆದರೆ ಸೊರಗಿದ ಕಸುಬಿಗೂ ಬೆಲೆಯಿದೆ. ಸೊರಗಿದ ಗದ್ದೆಗೆ ಸರ್ಕಾರ ಸೊನ್ನೆ ದರ ಕಟ್ಟಲಿಲ್ಲವಲ್ಲ!

ಕಾರವಾರದ ಎದುರಿನ ಅಂಜುದೀವ್ ದ್ವೀಪದ ಕಥೆಯೂ ಇದೇ. ಅದೀಗ ಅಲೆತಡೆಗೋಡೆಯಿಂದ ದಡಕ್ಕೆ ಅಂಟಿಕೊಂಡಿದೆ. ಅಲ್ಲಿ ಪೋರ್ಚುಗೀಸರ ಕಾಲದ ಇಗರ್ಜಿಯಿದೆ. ಗೋವಾ, ಕಾರವಾರದ ಭಕ್ತರು ಹಿಂದೆ ದೋಣಿಯಲ್ಲಿ ಹೋಗಿ ಹಬ್ಬ ಮಾಡುತ್ತಿದ್ದರು. ನೌಕಾಪಡೆ ಬಂದ ಮೇಲೆ ಆ ದಾರಿ ಮುಚ್ಚಿತು. ಈ ನಷ್ಟಕ್ಕೂ ಯಾವ ಪಹಣಿಯಲ್ಲೂ ಕಾಲಂ ಇಲ್ಲ.

‘ಅಂದಿನ ಕಾನೂನು ಹಾಗಿತ್ತು, ಏನು ಮಾಡುವುದು?’ ಎನ್ನುತ್ತಾರೆ. ಇದಕ್ಕೆ ಉತ್ತರವನ್ನು ಸಂಸತ್ತೇ ಕೊಟ್ಟಿದೆ. 2013ರ ಹೊಸ ಭೂಸ್ವಾಧೀನ ಕಾಯ್ದೆ ‘ಬಾಧಿತ ಕುಟುಂಬ’ ಎಂದರೆ ಯಾರು ಎಂದು ವಿವರಿಸುವಾಗ, ನೆಲದ ಒಡೆತನ ಇಲ್ಲದಿದ್ದರೂ ನೀರನ್ನು ನಂಬಿ ಬದುಕುವ ಮೀನುಗಾರರನ್ನು, ದೋಣಿ ನಡೆಸುವವರನ್ನು ಹೆಸರಿಟ್ಟು ಸೇರಿಸಿತು. ಅಂದರೆ ನೂರಿಪ್ಪತ್ತು ವರ್ಷ ಬಿಟ್ಟುಹೋಗಿದ್ದ ಒಂದು ಲೆಕ್ಕವನ್ನು ದೇಶ ಒಪ್ಪಿಕೊಂಡಿತು. ಆ ಕಾಯ್ದೆ ಜಾರಿಗೆ ಬಂದದ್ದು 2014ರ ಜನವರಿ 1ರಂದು. ಅದೇ ತಿಂಗಳು ವಿಮಾನವಾಹಕ ನೌಕೆ ವಿಕ್ರಮಾದಿತ್ಯ ರಷ್ಯಾದಿಂದ ಬಂದು ಕಾರವಾರದಲ್ಲಿ ಲಂಗರು ಹಾಕಿತು. ನೌಕೆಯ ಫೋಟೊ ಎಲ್ಲ ಪತ್ರಿಕೆಗಳಲ್ಲಿ ಬಂತು. ಹೊಸ ಕಾಯ್ದೆಯ ಆ ಒಂದು ಸಾಲನ್ನು ಹಿಂದಕ್ಕೆ ತಿರುಗಿಸಿ, ಅರ್ಗಾದ ಬಲೆಗಾರನ ಪಾಲು ಎಷ್ಟಾಗಬಹುದಿತ್ತು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಇನ್ನೊಂದು ವಾದವಿದೆ: ನೌಕಾನೆಲೆಯಿಂದ ಕಾರವಾರ ಬೆಳೆಯಿತಲ್ಲ? ಬೆಳೆಯಿತು. ಬಾಡಿಗೆ ಮನೆಗಳಿಗೆ ಗಿರಾಕಿ ಬಂದರು, ಗುತ್ತಿಗೆ ಕೆಲಸ ಹುಟ್ಟಿತು. 2020ರಲ್ಲಿ ಕೊರೊನಾ ಬಂದಾಗ ನೌಕಾಪಡೆಯ ಪತಂಜಲಿ ಆಸ್ಪತ್ರೆ ಭಟ್ಕಳದ ಸೋಂಕಿತರಿಗೆ ಚಿಕಿತ್ಸೆ ಕೊಟ್ಟು ಗುಣಪಡಿಸಿ ಕಳಿಸಿತು. ಅದನ್ನು ಜಿಲ್ಲೆ ಮರೆಯಬಾರದು. ಆದರೆ ಅದೇ ಜಿಲ್ಲೆ 2022ರಲ್ಲೂ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಬೀದಿಗಿಳಿದು ಕೂಗಬೇಕಾಯಿತು. ಬಾಡಿಗೆ ಎಣಿಸಿದವರು ಒಬ್ಬರು, ದಡ ಕಳೆದುಕೊಂಡವರು ಇನ್ನೊಬ್ಬರು. ಇಬ್ಬರನ್ನೂ ಸೇರಿಸಿ ‘ಕಾರವಾರ’ ಎಂದು ಕರೆದು ಸರಾಸರಿ ತೆಗೆದರೆ ಕಳೆದುಕೊಂಡವನು ಲೆಕ್ಕದಿಂದಲೇ ಮಾಯವಾಗುತ್ತಾನೆ.

2025ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಇದೇ ನೆಲೆಯಲ್ಲಿ 2,000 ಕೋಟಿ ರೂಪಾಯಿಗೂ ಮೀರಿದ ಕಾಮಗಾರಿಗಳನ್ನು ಉದ್ಘಾಟಿಸಿದರು. ಅತ್ತ ವಿಮಾನ ನಿಲ್ದಾಣಕ್ಕಾಗಿ ಅಂಕೋಲಾದ ಅಲಗೇರಿ ಸುತ್ತ ಮತ್ತೆ ಭೂಸ್ವಾಧೀನ. ಅಲ್ಲಿಯ ಜನ ದರಕ್ಕಾಗಿ ಪಟ್ಟು ಹಿಡಿದರೆ ಅವರನ್ನು ಅಭಿವೃದ್ಧಿ ವಿರೋಧಿಗಳು ಎನ್ನಬೇಡಿ. ಪಕ್ಕದ ಊರುಗಳಲ್ಲಿ ಏನಾಯಿತು ಎಂದು ಅವರು ಕಣ್ಣಾರೆ ಕಂಡಿದ್ದಾರೆ.

ಹಾಗಾದರೆ ಏನಾಗಬೇಕು? ಬಾಕಿ ಉಳಿದ 28ಎ ಅರ್ಜಿಗಳ ಪಟ್ಟಿಯನ್ನು ಊರುವಾರು ಪ್ರಕಟಿಸಿ, ಗಡುವು ಹಾಕಿಕೊಂಡು ಬಡ್ಡಿ ಸಮೇತ ಮುಗಿಸಬೇಕು. ನಿರಾಶ್ರಿತ ಮೀನುಗಾರ ಕುಟುಂಬಗಳನ್ನು 2013ರ ಕಾಯ್ದೆಯ ವ್ಯಾಖ್ಯೆಯಂತೆ ಗುರುತಿಸಿ, ಕಳೆದುಹೋದ ಕಸುಬಿಗೆ ವಿಶೇಷ ಪರಿಹಾರ ಕೊಡಬೇಕು. ಕಾನೂನು ಕಡ್ಡಾಯ ಮಾಡದಿದ್ದರೂ ಸರ್ಕಾರ ಮನಸ್ಸು ಮಾಡುವುದನ್ನು ಯಾರೂ ತಡೆದಿಲ್ಲ. ಹಡಗು ದುರಸ್ತಿ ಅಂಗಳದ ತರಬೇತಿ ಮತ್ತು ಕಾಯಂ ಕೆಲಸಗಳಲ್ಲಿ ಆ ಮನೆಗಳ ಮಕ್ಕಳಿಗೆ ಪಾಲು ಸಿಗಬೇಕು. ಗೇಟಿನ ಹೊರಗಿನ ಗುತ್ತಿಗೆ ಕೂಲಿಯನ್ನು ಉದ್ಯೋಗ ಎಂದು ತೋರಿಸಿದರೆ ಸಾಲದು.

ಇದನ್ನು ಓದುತ್ತಿರುವ ದೆಹಲಿಯ ಕನ್ನಡಿಗರಿಗೆ ಒಂದು ಮಾತು. ಈ ಕಡತಗಳು ಕೊನೆಗೆ ಬಂದು ಕೂರುವುದು ನಿಮ್ಮ ಊರಿನ ರಕ್ಷಣಾ ಸಚಿವಾಲಯದಲ್ಲಿ. ಸಂಸದರು, ಅಧಿಕಾರಿಗಳು ನಿಮ್ಮ ಕನ್ನಡ ಸಂಘಗಳ ಸಮಾರಂಭಕ್ಕೆ ಬಂದಾಗ ರಾಜ್ಯೋತ್ಸವದ ಹಾರದ ಜೊತೆ ಈ ಪ್ರಶ್ನೆಯನ್ನೂ ಅವರ ಮುಂದಿಡಿ: ಕಾರವಾರದ ಬಾಕಿ ಎಷ್ಟು, ಕೊಡುವುದು ಯಾವಾಗ? ಅವರು ‘ತ್ಯಾಗ’ ಎಂದು ಶುರು ಮಾಡಿದರೆ ಅಲ್ಲೇ ತಡೆದು, ಅಂಕಿ ಕೇಳಿ.